ಗ್ಯಾಸ್ ಎಂದುಕೊಂಡ ಆ ಹದಿನಾಲ್ಕು ಗಂಟೆ

ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ, ನಮ್ಮ ತೋಟಕ್ಕೆ ತಾಗಿಕೊಂಡೇ ಅವರ ತೋಟ. ಸಂಬಂಧದಲ್ಲಿ ಏನೂ ಅಲ್ಲ. ಆದರೂ ಚಿಕ್ಕಂದಿನಿಂದ ನನಗೆ ಅವರು ಮಾವ, ಅವರ ಹೆಂಡತಿ ಅತ್ತೆ. ಮಾವನಿಗೆ 68 ವರ್ಷ. ಅಡಿಕೆ ಸುಲಿಯುವ ಸಮಯ. ಊಟ ಮಾಡಿ ಮಲಗಿದವರಿಗೆ ರಾತ್ರಿ ಒಂದು ಗಂಟೆಗೆ ಎಚ್ಚರವಾಯಿತು. ಹೊಕ್ಕುಳ ಸುತ್ತ ನೋವು. ಒಮ್ಮೆ ವಾಂತಿ, ಎರಡು ಸಲ ಭೇದಿ. ಅತ್ತೆ ಓಮದ ನೀರು ಕುದಿಸಿ ಕೊಟ್ಟರು. ಅದು ಇಳಿಯಲಿಲ್ಲ. ಮೂರು ಗಂಟೆಗೆ ನನಗೆ ಫೋನ್ ಬಂತು.

"ಎಂತ ಆಗ್ತದೆ ಮಾವ?"

"ಗ್ಯಾಸ್ ಮಾರಾಯ. ಗೆಣಸಿನ ಪೋಡಿ ಜಾಸ್ತಿ ಆಯ್ತು. ಒದ್ದೆ ಬಟ್ಟೆ ಹಿಂಡಿದ ಹಾಗೆ ಆಗ್ತದೆ."

ಪೋಡಿ ಅಂದರೆ ನಮ್ಮ ಕಡೆಯ ಬಜ್ಜಿ. ಮಂಚದಲ್ಲಿ ಒಂದು ಕಡೆ ಮಲಗಲು ಆಗುತ್ತಿರಲಿಲ್ಲ. ಎದ್ದು ಕೂರುವುದು, ಮತ್ತೆ ಮುದುಡಿ ಮಲಗುವುದು. ನಾನು ಹೊಟ್ಟೆ ಮುಟ್ಟಿ ನೋಡಿದೆ. ಮೆತ್ತಗಿತ್ತು. ಒತ್ತಿದರೆ ಹೆಚ್ಚು ನೋವೇನೂ ಇಲ್ಲ. ಅದೇ ನನಗೆ ಧೈರ್ಯ ಕೊಟ್ಟದ್ದು. ನೋವು ಅಷ್ಟು, ಹೊಟ್ಟೆ ಇಷ್ಟು ಮೆತ್ತಗೆ. ಈ ಹೊಂದಾಣಿಕೆ ಇಲ್ಲದಿರುವುದೇ ಹೆದರಬೇಕಾದ ಲಕ್ಷಣ ಅಂತ ನನಗೆ ಗೊತ್ತಾದದ್ದು ಆಮೇಲೆ.

ಬೆಳಿಗ್ಗೆ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಆಯಿತು. ಅರ್ಧ ಗಂಟೆ ಆರಾಮ. ಹತ್ತು ಗಂಟೆಗೆ ಪೇಟೆಯಲ್ಲಿ ಸ್ಕ್ಯಾನಿಂಗ್. 'ಕರುಳಿನಲ್ಲಿ ಗ್ಯಾಸ್ ತುಂಬಿದೆ, ಬೇರೇನೂ ಸರಿಯಾಗಿ ಕಾಣಿಸುತ್ತಿಲ್ಲ' ಅಂತ ರಿಪೋರ್ಟ್. ಅಂದರೆ ನಮ್ಮ ಗ್ಯಾಸಿಗೆ ಮೊಹರು ಬಿತ್ತು, ಅಲ್ವಾ? ಇನ್ನೊಂದು ಕಡೆ ರಕ್ತ ಪರೀಕ್ಷೆ ಮಾಡಿದರು. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಇದೆ, ಬಣ್ಣದ ಔಷಧ ಹಾಕಿ ಸಿ.ಟಿ. ತೆಗೆದರೆ ಕಿಡ್ನಿಗೆ ಕಷ್ಟ ಅಂತ ಕಾದರು. ಮಂಗಳೂರು ಮುಟ್ಟಿ ಸಿ.ಟಿ. ಆಗುವಾಗ ಮಧ್ಯಾಹ್ನ ಮೂರು ದಾಟಿತ್ತು. ನೋವು ಶುರುವಾಗಿ ಹದಿನಾಲ್ಕು ಗಂಟೆ.

ಅವರ ಕರುಳಿಗೆ ರಕ್ತ ಹೋಗುವುದು ನಿಂತಿತ್ತು.

ಹೃದಯಕ್ಕೆ ರಕ್ತ ನಿಂತರೆ ಹಾರ್ಟ್ ಅಟ್ಯಾಕ್, ಮೆದುಳಿಗೆ ನಿಂತರೆ ಸ್ಟ್ರೋಕ್. ಈ ಎರಡೂ ನಮ್ಮ ಊರಿನ ಮಕ್ಕಳಿಗೂ ಗೊತ್ತು. ಕರುಳಿಗೆ ನಿಂತರೆ? ಅದಕ್ಕೆ ಜನರ ಬಾಯಲ್ಲಿ ಹೆಸರೇ ಇಲ್ಲ. ವೈದ್ಯರು ಮೆಸೆಂಟೆರಿಕ್ ಇಸ್ಕೀಮಿಯಾ ಅನ್ನುತ್ತಾರೆ. ಹೆಸರಿಲ್ಲದ ಕಾಯಿಲೆಗೆ ಯಾರೂ ಓಡುವುದಿಲ್ಲ. 'ಎದೆನೋವು' ಅಂದರೆ ಐದು ನಿಮಿಷದಲ್ಲಿ ಜೀಪು ಹೊರಡುತ್ತದೆ. 'ಹೊಟ್ಟೆನೋವು' ಅಂದರೆ ಮೊದಲು ಓಮ, ಆಮೇಲೆ ಸೋಡಾ, ಆಮೇಲೆ ಬೆಳಗಾಗಲಿ ನೋಡೋಣ.

ಹೊಟ್ಟೆಯ ಒಳಗೆ, ಬೆನ್ನುಮೂಳೆಗೆ ಒರಗಿಕೊಂಡು ದೊಡ್ಡ ರಕ್ತನಾಳ ಇಳಿಯುತ್ತದೆ. ಅದರಿಂದ ಕವಲೊಡೆದ ಒಂದು ನಾಳ ಹೆಚ್ಚುಕಡಿಮೆ ಇಡೀ ಸಣ್ಣಕರುಳಿಗೂ ದೊಡ್ಡಕರುಳಿನ ಅರ್ಧಕ್ಕಿಂತ ಹೆಚ್ಚು ಭಾಗಕ್ಕೂ ರಕ್ತ ಕೊಡುತ್ತದೆ. ವೈದ್ಯರ ಬಾಯಲ್ಲಿ ಅದು ಎಸ್‌ಎಂಎ. ಸುಮ್ಮನೆ ಕೂತಿದ್ದಾಗಲೂ ಹೃದಯ ದೂಡುವ ರಕ್ತದಲ್ಲಿ ಐದನೇ ಒಂದು ಪಾಲಿಗಿಂತ ಕಮ್ಮಿ ಇಲ್ಲದಷ್ಟು ಹೊಟ್ಟೆಯ ಅಂಗಗಳಿಗೆ ಹೋಗುತ್ತದೆ. ಊಟ ಆದಮೇಲೆ ಇನ್ನೂ ಜಾಸ್ತಿ. ಈ ಕವಲು ಅಗಲವಾಗಿದೆ, ದೊಡ್ಡ ನಾಳದಿಂದ ಓರೆಯಾಗಿ ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ಮೇಲಿಂದ ತೇಲಿ ಬಂದ ಹೆಪ್ಪು ಹರಿವಿನ ಜೊತೆ ನೇರ ಅದರೊಳಗೆ ಇಳಿಯುತ್ತದೆ.

ಹೆಪ್ಪು ಎಲ್ಲಿಂದ ಬರುತ್ತದೆ? ಹೆಚ್ಚಾಗಿ ಹೃದಯದಿಂದ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆಯಲ್ಲಿ ಎದೆಬಡಿತ ತಾಳ ತಪ್ಪುತ್ತದೆ. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಸುಮ್ನೆ ನಡುಗುತ್ತದೆ. ಅಲ್ಲಿ ನಿಂತ ರಕ್ತ ಹೆಪ್ಪಾಗುತ್ತದೆ. ಹೀಗೆ ಕರುಳಿಗೆ ಒಮ್ಮೆಲೇ ರಕ್ತ ನಿಲ್ಲುವ ಪ್ರಕರಣಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೀಗೆ ತೇಲಿ ಬಂದ ಹೆಪ್ಪಿನಿಂದ ಆಗುವಂಥವು. ಉಳಿದದ್ದು ಬೇರೆ ಬೇರೆ ದಾರಿ. ಬೀಡಿ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್‌ನಿಂದ ನಾಳವೇ ಸಣ್ಣದಾಗುತ್ತಾ ಬಂದು ಒಂದು ದಿನ ಮುಚ್ಚುವುದು ಒಂದು. ರಕ್ತ ವಾಪಸು ತರುವ ನಾಳ ಕಟ್ಟಿಕೊಳ್ಳುವುದು ಇನ್ನೊಂದು. ಇದು ಪ್ರಾಯ ಕಮ್ಮಿ ಇದ್ದವರಿಗೂ ಬರುತ್ತದೆ. ಮತ್ತೊಂದು ವಿಚಿತ್ರ. ಎಲ್ಲಿಯೂ ಹೆಪ್ಪಿಲ್ಲ, ಆದರೆ ಬಿ.ಪಿ. ಕುಸಿದಾಗ ಮೆದುಳು, ಹೃದಯ ಉಳಿಸಲು ದೇಹವೇ ಕರುಳಿನ ನಾಳವನ್ನು ಬಿಗಿ ಹಿಡಿಯುತ್ತದೆ. ಐ.ಸಿ.ಯು.ನಲ್ಲಿ ಮಲಗಿದವರಿಗೆ ಹೀಗಾಗುವುದುಂಟು.

ಮಾವನಿಗೆ ಎರಡು ವರ್ಷ ಹಿಂದೆಯೇ ಎದೆಬಡಿತದ ತೊಂದರೆ ಗೊತ್ತಾಗಿತ್ತು. ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದರು. ಹಲ್ಲು ಕೀಳಿಸುವಾಗ ಕೆಲವು ದಿನ ಬಿಟ್ಟರು. ಹಲ್ಲು ಹೋಯಿತು, ಬಾಯಿ ಗುಣವಾಯಿತು, ಮಾತ್ರೆ ಶುರು ಮಾಡುವುದು ಮರೆಯಿತು. ಮೂರು ವಾರ. ಆ ಮಾತ್ರೆಯ ಹಾಳೆ ಕ್ಯಾಲೆಂಡರಿನ ಮೊಳೆಗೆ ರಬ್ಬರ್ ಬ್ಯಾಂಡಿನಲ್ಲಿ ನೇತಾಡುತ್ತಿತ್ತು. ಆ ರಾತ್ರಿ ನಾನು ಅದನ್ನು ನೋಡಿದ್ದೇನೆ. ನೋಡಿಯೂ ಏನೂ ಹೊಳೆಯಲಿಲ್ಲ.

ರಕ್ತ ನಿಂತ ಕೂಡಲೇ ಕರುಳು ಸಾಯುವುದಿಲ್ಲ. ಸಾಯುವುದಕ್ಕೂ ಒಂದು ಕ್ರಮವಿದೆ. ಕರುಳಿನ ಒಳಗೋಡೆ ಟರ್ಕಿ ಟವೆಲಿನ ಹಾಗೆ. ತುಂಬಾ ಸಣ್ಣ ಸಣ್ಣ ಎಳೆಗಳು, ವಿಲ್ಲೈ ಅನ್ನುತ್ತಾರೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಟೆನಿಸ್ ಕೋರ್ಟಿನಷ್ಟು ಅಂತ ನಾವು ಶಾಲೆಯಲ್ಲಿ ಓದಿದ್ದೇವೆ. 2014ರಲ್ಲಿ ಸ್ವೀಡನ್ನಿನ ಇಬ್ಬರು ಸರಿಯಾಗಿ ಅಳೆದು ನೋಡಿ, ಇಡೀ ಜೀರ್ಣನಾಳದ ಒಳಮೈ ಸುಮಾರು 32 ಚದರ ಮೀಟರ್, ಅಂದರೆ ಅರ್ಧ ಬ್ಯಾಡ್ಮಿಂಟನ್ ಕೋರ್ಟ್ ಅಂದರು. ನಮ್ಮ ಊರಿನಲ್ಲಿ ಗದ್ದೆಗೊಂದು ಶಟಲ್ ಕೋರ್ಟ್ ಇರುವುದರಿಂದ ಈ ಲೆಕ್ಕ ನಮಗೆ ಬೇಗ ಅರ್ಥವಾಗುತ್ತದೆ.

ಪ್ರತಿ ಎಳೆಯೊಳಗೆ ರಕ್ತ ಮೇಲಕ್ಕೆ ಹತ್ತುವ ನಾಳ, ಕೆಳಗೆ ಇಳಿಯುವ ನಾಳ, ಎರಡೂ ಒತ್ತೊತ್ತಾಗಿವೆ. ಹತ್ತುವ ರಕ್ತದ ಆಕ್ಸಿಜನ್ ತುದಿ ಮುಟ್ಟುವ ಮೊದಲೇ ಒಂದಿಷ್ಟು ಪಕ್ಕದ ನಾಳಕ್ಕೆ ಸೋರುತ್ತದೆ. ತೋಟಕ್ಕೆ ಬಿಟ್ಟ ನೀರು ಬದಿಯ ಕಣಿಗೆ ಸೋರಿ ಕೊನೆಯ ಸಾಲಿನ ಅಡಿಕೆ ಮರಕ್ಕೆ ಬರುವಾಗ ಸಣ್ಣ ಧಾರೆ ಆಗಿರುತ್ತದಲ್ಲ, ಹಾಗೆ. ಎಲ್ಲ ಸರಿ ಇದ್ದಾಗಲೂ ತುದಿಗೆ ಕಮ್ಮಿಯೇ. ಹರಿವು ನಿಂತರೆ ಮೊದಲು ಒಣಗುವುದು ತುದಿ. ಅಲ್ಲಿಂದ ಕೆಳಗೆ ಇಳಿಯುತ್ತಾ ಬರುತ್ತದೆ. ರಕ್ತ ಪೂರ್ತಿ ನಿಂತರೆ ಸುಮಾರು ಆರು ಗಂಟೆಯಲ್ಲಿ ಹಾನಿ ಗೋಡೆಯ ಆಚೆ ಬದಿಯವರೆಗೆ ಹೋಗಿ, ವಾಪಸು ಬರಲಾಗದ ಹಂತ ಮುಟ್ಟುತ್ತದೆ.

ಹೊಟ್ಟೆ ಮೆತ್ತಗಿದ್ದದ್ದು ಯಾಕೆ ಅಂತ ಈಗ ತಿಳಿಯುತ್ತದೆ. ಹಾನಿ ಒಳಗಿನಿಂದ ಹೊರಕ್ಕೆ ಬರುತ್ತದೆ. ಒಳಗೋಡೆ ಸಾಯುತ್ತಿರುವಾಗ ಹೊರಗೋಡೆ ಇನ್ನೂ ಸರಿ ಇರುತ್ತದೆ. ಹೊಟ್ಟೆ ಬಿಗಿಯಾಗುವುದು, ಮುಟ್ಟಿದರೆ ಕಿರುಚುವುದು, ಇವೆಲ್ಲ ಬರುವುದು ಹೊರಗೋಡೆಯೂ ಕೆಟ್ಟ ಮೇಲೆ. ಇನ್ನೊಂದು ಮೋಸವೂ ಉಂಟು. ನಡುವೆ ನೋವು ಕಮ್ಮಿಯಾಗಬಹುದು. ಗುಣವಾಗಿ ಅಲ್ಲ, ನೋವು ತಿಳಿಯುವ ನರವೂ ಸತ್ತು. 'ಇಂಜೆಕ್ಷನ್ ತಾಗಿತು' ಅಂತ ಮನೆಯವರು ಕಾಫಿ ಕುಡಿಯಲು ಹೋಗುವುದು ಅದೇ ಹೊತ್ತಿಗೆ.

ಒಂದು ಸಮಾಧಾನ. ನಾಳ ಪೂರ್ತಿ ಮುಚ್ಚದೆ ಸಣ್ಣ ಹರಿವು ಉಳಿದಿದ್ದರೆ ಕರುಳು ಸಾಕಷ್ಟು ತಾಳಿಕೊಳ್ಳುತ್ತದೆ. ಹರಿವು ಕಾಲು ಭಾಗಕ್ಕೆ ಇಳಿದರೂ ಹನ್ನೆರಡು ಗಂಟೆಯವರೆಗೆ ದೊಡ್ಡ ಹಾನಿಯಿಲ್ಲದೆ ಇರಬಲ್ಲದು. ಅಕ್ಕಪಕ್ಕದ ನಾಳಗಳೂ ಕೈ ಕೊಡದೆ ನಿಲ್ಲುತ್ತವೆ. ತೇಲಿ ಬಂದ ಹೆಪ್ಪು ಬಹಳ ಸಲ ನಾಳದ ಬಾಯಲ್ಲಿ ನಿಲ್ಲದೆ ಸ್ವಲ್ಪ ಕೆಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಆಗ ಸಣ್ಣಕರುಳಿನ ಮೊದಲ ಭಾಗ ಉಳಿಯುತ್ತದೆ. ಮಾವ ಉಳಿದದ್ದು ಹಾಗೆಯೇ.

ಇನ್ನು ಕತೆಯ ವಿಚಿತ್ರ ಭಾಗಕ್ಕೆ ಬರುತ್ತೇನೆ. ಹೆಪ್ಪು ತೆಗೆದು ರಕ್ತ ಬಿಟ್ಟರೆ ಕರುಳು ಉಳಿಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಅಷ್ಟು ಸುಲಭ ಇಲ್ಲ. ವಾಪಸು ಬಂದ ರಕ್ತವೇ ಇನ್ನೊಂದು ಪೆಟ್ಟು ಕೊಡುತ್ತದೆ.

1986ರಲ್ಲಿ ಅಮೆರಿಕದಲ್ಲಿ ಪಾರ್ಕ್ಸ್ ಮತ್ತು ಗ್ರ್ಯಾಂಜರ್ ಬೆಕ್ಕುಗಳ ಮೇಲೆ ಒಂದು ಸರಳ ಲೆಕ್ಕ ಮಾಡಿ ತೋರಿಸಿದರು. ಒಂದು ಗುಂಪಿಗೆ ಮೂರು ಗಂಟೆ ಕರುಳಿನ ರಕ್ತ ತಡೆದು ಒಂದು ಗಂಟೆ ವಾಪಸು ಬಿಟ್ಟರು. ಇನ್ನೊಂದಕ್ಕೆ ನಾಲ್ಕು ಗಂಟೆಯೂ ತಡೆದೇ ಇಟ್ಟರು. ಯಾವುದು ಹೆಚ್ಚು ಕೆಟ್ಟಿರಬೇಕು? ನಾಲ್ಕು ಗಂಟೆಯದ್ದು ಅಂತ ಯಾರಾದರೂ ಹೇಳಿಯಾರು. ಆದರೆ ಒಳಗೋಡೆ ಹೆಚ್ಚು ಹಾಳಾದದ್ದು ಮೂರು ಗಂಟೆ ತಡೆದು ರಕ್ತ ಬಿಟ್ಟದ್ದರಲ್ಲಿ.

ಕಾರಣ ಸುಮಾರಾಗಿ ಹೀಗೆ. ಆಕ್ಸಿಜನ್ ಇಲ್ಲದಾಗ ಜೀವಕೋಶ ತನ್ನ ಶಕ್ತಿಯ ದಾಸ್ತಾನನ್ನೇ ಒಡೆದು ಖರ್ಚು ಮಾಡುತ್ತದೆ. ಆ ಒಡೆದ ಚೂರುಗಳು, ಹೈಪೋಕ್ಸಾಂಥಿನ್ ಎಂಬ ವಸ್ತು, ಒಳಗೆ ತುಂಬುತ್ತಾ ಹೋಗುತ್ತವೆ. ಅದೇ ಹೊತ್ತಿಗೆ ಒಂದು ಕಿಣ್ವ ರೂಪ ಬದಲಿಸಿ ಕ್ಸಾಂಥಿನ್ ಆಕ್ಸಿಡೇಸ್ ಆಗುತ್ತದೆ. ಆಕ್ಸಿಜನ್ ಒಂದು ಬಂದರೆ ಸಾಕು, ಈ ಎರಡೂ ಸೇರಿ ಸೂಪರಾಕ್ಸೈಡ್ ಎಂಬ ಉರಿಯುವ ಕಣಗಳನ್ನು ಹುಟ್ಟಿಸುತ್ತವೆ. ರಾತ್ರಿಯಿಡೀ ಸಿಲಿಂಡರ್ ಸೋರಿ ಅಡುಗೆಮನೆ ತುಂಬಿದೆ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಎದ್ದು ಲೈಟಿನ ಸ್ವಿಚ್ ಹಾಕಿದ ಹಾಗೆ ಇದು. ಸೋರಿದ್ದು ಅನಾಹುತ ಹೌದು, ಆದರೆ ಹೊತ್ತಿಸುವುದು ಸ್ವಿಚ್ಚು. ಗ್ಯಾಸ್ ಅಂತ ಸುಳ್ಳು ಸುಳ್ಳೇ ಹೇಳುತ್ತಿದ್ದ ನಮಗೆ ಈ ಹೋಲಿಕೆ ಸರಿಯಾಗಿಯೇ ಆಯಿತು.

ಆಮೇಲೆ ಬಿಳಿ ರಕ್ತಕಣಗಳು ನುಗ್ಗುತ್ತವೆ. ಕಸ ತೆಗೆಯಲು ಬಂದವು, ಜೀವ ಇರುವುದನ್ನೂ ಕಚ್ಚುತ್ತವೆ. ಒಳಗೋಡೆ ಹರಿದ ಕಡೆಯಿಂದ ಕರುಳಿನ ಬ್ಯಾಕ್ಟೀರಿಯಾ, ಅವುಗಳ ವಿಷ, ನಮ್ಮದೇ ಜೀರ್ಣರಸ ಎಲ್ಲವೂ ರಕ್ತದೊಳಕ್ಕೆ ಸೋರುತ್ತವೆ. ಆ ರಕ್ತ ಲಿವರ್ ದಾಟಿ ಶ್ವಾಸಕೋಶಕ್ಕೆ ಹೋಗುತ್ತದೆ. ಕರುಳಿನ ಆಪರೇಷನ್ ಆದವರಿಗೆ ಎರಡನೇ ದಿನ ಉಸಿರಾಟದ ಮೆಷಿನ್ ಯಾಕೆ ಹಾಕಿದರು ಅಂತ ಮನೆಯವರು ಗಾಬರಿಯಾಗುತ್ತಾರೆ. ಕರುಳು ಹತ್ತಿಸಿದ ಬೆಂಕಿ ಪಕ್ಕದ ಮನೆಗೂ ಹಬ್ಬಿದ್ದು ಅದು.

ಹಾಗಾದರೆ ಈ ಎರಡನೇ ಪೆಟ್ಟಿನಿಂದ ಕರುಳನ್ನು ಕಾಪಾಡಲು ಮದ್ದಿಲ್ಲವಾ? ಇಲಿಗೆ ಉಂಟು, ನಮಗಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷದಿಂದ ಹುಡುಕುತ್ತಿದ್ದಾರೆ. ಯೂರಿಕ್ ಆಸಿಡ್ ಜಾಸ್ತಿ ಆದವರು ನುಂಗುವ ಅಲೋಪ್ಯುರಿನಾಲ್ ಮಾತ್ರೆ ಗೊತ್ತಲ್ಲ? ಅದು ತಡೆಯುವುದು ಇದೇ ಕ್ಸಾಂಥಿನ್ ಆಕ್ಸಿಡೇಸನ್ನು. ಪ್ರಾಣಿಗಳಲ್ಲಿ ಅದು ಕೆಲಸ ಮಾಡಿತು. ಗ್ಲುಟಮಿನ್, ಮೆಲಟೋನಿನ್, ಅಸಿಟೈಲ್ ಸಿಸ್ಟೀನ್, ನಮ್ಮ ಅರಿಶಿನದ ಕರ್ಕ್ಯುಮಿನ್ ಕೂಡ ಇಲಿಯ ಕರುಳನ್ನು ಕಾಪಾಡಿದೆ. ಇದರಲ್ಲಿ ಒಂದಾದರೂ ಮನುಷ್ಯರ ಚಿಕಿತ್ಸೆಯಲ್ಲಿ ಗಟ್ಟಿಯಾಗಿ ನೆಲೆಯೂರಿಲ್ಲ. ಅರಿಶಿನದ ವಿಷಯ ಬೇಕೆಂದೇ ಹೇಳಿದೆ. ನಾಳೆ ವಾಟ್ಸಾಪಿನಲ್ಲಿ 'ಕರುಳಿನ ಬ್ಲಾಕಿಗೆ ಅರಿಶಿನ ಹಾಲು' ಅಂತ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.

ಇಲಿಯಲ್ಲಿ ಆದದ್ದು ನಮ್ಮಲ್ಲಿ ಯಾಕೆ ಆಗುವುದಿಲ್ಲ? ನನಗೆ ಇಡೀ ವಿಷಯದಲ್ಲಿ ಹೆಚ್ಚು ಮುಖ್ಯ ಅನಿಸಿದ್ದು ಇದು. ಪ್ರಯೋಗದ ಇಲಿ ಎಳೆಯದ್ದು, ಬೀಡಿ ಸೇದದ್ದು, ಶುಗರ್ ಇಲ್ಲದ್ದು. ಅದರ ನಾಳಕ್ಕೆ ಕ್ಲಿಪ್ ಹಾಕುವುದು ಅರ್ಧ ಗಂಟೆಯೋ ಒಂದು ಗಂಟೆಯೋ. ಮದ್ದನ್ನು ಬಹಳ ಸಲ ಕ್ಲಿಪ್ ಹಾಕುವ ಮೊದಲೇ ಕೊಟ್ಟಿರುತ್ತಾರೆ. ನಮ್ಮ ಮಾವ ಬಂದದ್ದು ಹದಿನಾಲ್ಕನೇ ಗಂಟೆಗೆ, ಹೊಟ್ಟೆಯಲ್ಲಿ ಓಮ, ಸೋಡಾ, ಎರಡು ಗ್ಯಾಸ್ ಮಾತ್ರೆ ಇಟ್ಟುಕೊಂಡು. ಕ್ಲಿಪ್ ಹಾಕುವ ಮೊದಲು ಅವರಿಗೆ ಯಾರು ಇಂಜೆಕ್ಷನ್ ಕೊಡುತ್ತಾರೆ?

ಬೇರೊಂದು ದಾರಿಯೂ ಇತ್ತು. ಅದೂ 1986ರದ್ದೇ. ನಾಯಿಯ ಹೃದಯಕ್ಕೆ ಐದೈದು ನಿಮಿಷದ ಹಾಗೆ ನಾಲ್ಕು ಸಲ ರಕ್ತ ತಡೆದು ಬಿಟ್ಟರೆ, ಆಮೇಲೆ ಬರುವ ದೊಡ್ಡ ತಡೆಯನ್ನು ಅದು ಚೆನ್ನಾಗಿ ತಾಳಿಕೊಂಡಿತು. ಸಣ್ಣ ಸಣ್ಣ ಪೆಟ್ಟು ಕೊಟ್ಟು ಗಟ್ಟಿ ಮಾಡಿದ ಹಾಗೆ. ಕರುಳಿನಲ್ಲೂ ಇದು ಪ್ರಾಣಿಗಳಲ್ಲಿ ಕಂಡುಬಂತು. ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ ಉಬ್ಬಿಸಿ ಇಳಿಸಿದರೂ ದೂರದ ಅಂಗ ಗಟ್ಟಿಯಾಗುತ್ತದೆ ಅಂತಲೂ ಆಸೆ ಹುಟ್ಟಿತು. 2015ರಲ್ಲಿ ಬ್ರಿಟನ್ ಮತ್ತು ಜರ್ಮನಿಯಲ್ಲಿ ಹೃದಯದ ಆಪರೇಷನ್ನಿಗೆ ಬಂದ ಸುಮಾರು 3000 ಮಂದಿಯಲ್ಲಿ ನೋಡಿದರು. ಪ್ರಯೋಜನ ಕಾಣಲಿಲ್ಲ.

ರಕ್ತವನ್ನು ಒಮ್ಮೆಲೇ ಬಿಡದೆ, ಬಿಟ್ಟು ತಡೆದು ಬಿಟ್ಟು ತಡೆದು ಕೊಡುವ ಉಪಾಯವೂ ಪ್ರಯೋಗಗಳಲ್ಲಿದೆ. ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಕಡೆಯ ಕಟ್ಟ. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಅಡಿಕೆ ಮರದ ತುಂಡು ಇಟ್ಟು ಕಟ್ಟ ಹಾಕುತ್ತಾರೆ. ಏತಡ್ಕದಂಥ ಕಡೆ ಆ ಕೆಲಸ ಗೊತ್ತಿದ್ದವರು ಇದ್ದಾರೆ. ತುಂಬಿದ ಕಟ್ಟವನ್ನು ಮೇಲಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿದರೆ ಕೆಳಗಿನ ತೋಟ ಉಳಿಯುತ್ತದೆ. ಮೊದಲ ದೊಡ್ಡ ಮಳೆಗೆ ತಾನೇ ಒಡೆದರೆ ಬದಿಯ ಮಣ್ಣನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಹೋಲಿಕೆ ಚಂದ ಉಂಟು. ಆದರೆ ರೋಗಿಯ ಕರುಳಿನಲ್ಲಿ ಹಾಗೆ ಮಾಡಿ ಲಾಭ ಆಯಿತು ಅಂತ ಹೇಳುವ ಗಟ್ಟಿ ಪುರಾವೆ ಬಂದಿಲ್ಲ.

ನೆದರ್ಲೆಂಡ್ಸಿನವರ ಒಂದು ಕೆಲಸ ಮಾತ್ರ ನನ್ನ ಯೋಚನೆಯನ್ನೇ ತಿರುಗಿಸಿತು. ಮೇದೋಜೀರಕದ ದೊಡ್ಡ ಆಪರೇಷನ್‌ಗಳಲ್ಲಿ ಸಣ್ಣಕರುಳಿನ ತುಂಡೊಂದನ್ನು ಹೇಗೂ ಕತ್ತರಿಸಿ ತೆಗೆಯಬೇಕಾಗುತ್ತದೆ. ರೋಗಿಯ ಒಪ್ಪಿಗೆ ಪಡೆದು ಅದೇ ತುಂಡಿನಲ್ಲಿ ಅರ್ಧ ಗಂಟೆ ರಕ್ತ ತಡೆದು, ಮತ್ತೆ ಬಿಟ್ಟು ನೋಡಿದರು. 2008ರಲ್ಲಿ ಪ್ರಕಟವಾಯಿತು. ಎಳೆಯ ತುದಿಯ ಜೀವಕೋಶಗಳು ಕೆಟ್ಟವು ಹೌದು. ಆದರೆ ಕರುಳು ಅವನ್ನು ಉದುರಿಸಿ, ಪಕ್ಕದ ಜೀವಕೋಶಗಳನ್ನು ಎಳೆದು ಹೊಲಿದ ಹಾಗೆ ಸೇರಿಸಿ, ಎರಡು ಗಂಟೆಯೊಳಗೆ ಬಿರುಕು ಮುಚ್ಚಿಬಿಟ್ಟಿತು. ಕರುಳಿನ ಒಳಪದರ ಹೇಗೂ ಮೂರರಿಂದ ಐದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಹೊಸದನ್ನು ಹುಟ್ಟಿಸುವ ಮೂಲ ಜೀವಕೋಶಗಳು (ಸ್ಟೆಮ್ ಸೆಲ್) ಎಳೆಗಳ ಬುಡದ ಗುಂಡಿಯಲ್ಲಿರುತ್ತವೆ. ಬುಡ ಉಳಿದರೆ ತುದಿ ಮತ್ತೆ ಚಿಗುರುತ್ತದೆ. ಅಂದರೆ ಮನುಷ್ಯನ ಕರುಳು ದುರ್ಬಲ ಅಲ್ಲ. ಅದಕ್ಕೆ ಬೇಕಾದ್ದು ನಾವು ಬೇಗ ಬರುವುದು.

ಹಾಗಾಗಿ ಕರುಳು ಉಳಿಸುವ ಮದ್ದು ಯಾವುದು ಅಂತ ಕೇಳಿದರೆ, ಸದ್ಯಕ್ಕೆ ನಾನು ನಕ್ಷೆ ಮತ್ತು ಗಡಿಯಾರ ತೋರಿಸುತ್ತೇನೆ. ಕಾಸರಗೋಡಿನಲ್ಲಿ ಇದನ್ನು ಹೇಳಲು ಬೇರೆ ಕಾರಣವೂ ಇದೆ.

ನಮಗೆ ರಾಜಧಾನಿ ತಿರುವನಂತಪುರ 550 ಕಿಲೋಮೀಟರಿಗಿಂತ ದೂರ. ಮಂಗಳೂರು ಕಾಸರಗೋಡು ಪೇಟೆಯಿಂದ ಸುಮಾರು 50. ದೊಡ್ಡ ಕಾಯಿಲೆ ಅಂದರೆ ಉತ್ತರಕ್ಕೆ ಹೋಗುವುದು ನಮ್ಮ ಅಜ್ಜಂದಿರ ಕಾಲದಿಂದ ಬಂದದ್ದು. ರಾಜ್ಯ ಬೇರೆ, ಆಸ್ಪತ್ರೆ ಅದೇ. ಈ ದಾರಿ ಎಷ್ಟು ತೆಳು ಅಂತ ಗೊತ್ತಾದದ್ದು 2020ರ ಮಾರ್ಚ್ ಕೊನೆಯಲ್ಲಿ. ತಲಪಾಡಿಯಲ್ಲಿ ಗಡಿ ಮುಚ್ಚಿತು. ಸಣ್ಣ ದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿಗೆ ಹೋಗಲಾಗದೆ ರೋಗಿಗಳು ಸತ್ತ ಸುದ್ದಿ ದಿನಾ ಬರುತ್ತಿತ್ತು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಮೊದಲ ವಾರ ಕಳೆಯುವಾಗ ತುರ್ತು ರೋಗಿಗಳಿಗೆ ದಾರಿ ಮಾಡುವ ಏರ್ಪಾಡು ಆಯಿತು. ಆ ದಿನಗಳಲ್ಲಿ ಯಾರದಾದರೂ ಕರುಳಿಗೆ ಹೆಪ್ಪು ಬಿದ್ದಿದ್ದರೆ? ಆರು ಗಂಟೆಯ ಕಾಯಿಲೆಗೆ ಹದಿನೈದು ದಿನದ ವಿಚಾರಣೆ.

ನಮ್ಮ ಮನೆಯಿಂದ ಉಕ್ಕಿನಡ್ಕ ಹತ್ತಿರವೇ. ಅಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಕೊರೋನಾ ಬಂದಾಗ ತುರ್ತಾಗಿ ಕೋವಿಡ್ ಆಸ್ಪತ್ರೆ ಆಯಿತು. 50 ಎಂಬಿಬಿಎಸ್ ಸೀಟುಗಳಿಗೆ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ. ಸೀಟು ಬಂದದ್ದಕ್ಕೆ ನನಗೂ ಖುಷಿಯೇ. ಆದರೆ ಕರುಳಿನ ಲೆಕ್ಕದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಸೀಟಿನದ್ದಲ್ಲ. ರಾತ್ರಿ ಎರಡು ಗಂಟೆಗೆ ಸಿ.ಟಿ. ಆಂಜಿಯೋ (ಬಣ್ಣದ ಔಷಧ ಹಾಕಿ ರಕ್ತನಾಳ ನೋಡುವ ಸಿ.ಟಿ.) ತೆಗೆಯುವವರು, ಅದನ್ನು ಓದುವವರು, ಹೊಟ್ಟೆ ತೆರೆಯುವ ಸರ್ಜನ್, ಅರಿವಳಿಕೆಯವರು, ರಕ್ತ, ಐ.ಸಿ.ಯು. ಹಾಸಿಗೆ, ಇಷ್ಟೂ ಒಂದೇ ಸೂರಿನಡಿ ಯಾವ ಆಸ್ಪತ್ರೆಯಲ್ಲಿ ಉಂಟು? ಗಡಿಯ ಈಚೆಯೋ ಆಚೆಯೋ, ಅದು ಆಮೇಲಿನ ಮಾತು. ಈ ಉತ್ತರ ಗೊತ್ತಿಲ್ಲದೆ ಹೊರಟರೆ ಒಂದು ಕ್ಲಿನಿಕ್, ಒಂದು ಸ್ಕ್ಯಾನಿಂಗ್, ಇನ್ನೊಂದು ಆಸ್ಪತ್ರೆ ಅಂತ ನಿಲ್ದಾಣಕ್ಕೊಂದು ಗಂಟೆ ಹೋಗುತ್ತದೆ. ನಮ್ಮ ಹದಿನಾಲ್ಕು ಗಂಟೆಯಲ್ಲಿ ಹೆದ್ದಾರಿಯ ಷಟ್ಪಥ ಕಾಮಗಾರಿ ತಿಂದದ್ದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಉಳಿದದ್ದನ್ನು ತಿಂದವರು ನಾವೇ.

ಭಾಷೆಯೂ ಒಂದಿಷ್ಟು ತಿನ್ನುತ್ತದೆ. ನಮ್ಮವರು ನೋವನ್ನು ಹೇಳುವ ಬಗೆ ನೋಡಿ. ಹಿಂಡುತ್ತದೆ, ತಿರುಚುತ್ತದೆ, ಕುಟ್ಟುತ್ತದೆ, ಉರಿಯುತ್ತದೆ. ಮನೆಯಲ್ಲಿ ತುಳುವೋ ಹವ್ಯಕವೋ ಕನ್ನಡವೋ ಮಾತಾಡುವವರು ಮಲಯಾಳಿ ಡಾಕ್ಟರ ಮುಂದೆ ಕೂತಾಗ ಇವೆಲ್ಲ ಸೇರಿ 'ವಯರು ವೇದನ', ಅಂದರೆ ಹೊಟ್ಟೆನೋವು, ಎಂಬ ಒಂದೇ ಮಾತಾಗುತ್ತದೆ. ಆಮೇಲೆ ಆ ಎಲ್ಲ ಭಾಷೆಯಲ್ಲೂ ನಡೆಯುವ 'ಗ್ಯಾಸ್' ಬಂದು ಕೂರುತ್ತದೆ. ಡಾಕ್ಟರ ತಪ್ಪು ಅಂತ ಹೇಳುತ್ತಿಲ್ಲ. ಅವರಿಗೆ ಬೇಕಾಗಿದ್ದ ಎರಡು ಸಂಗತಿಯನ್ನು ನಾವೇ ಹೇಳಲಿಲ್ಲ. ನೋವು ಒಮ್ಮೆಲೇ ಬಂದದ್ದು, ಗಡಿಯಾರ ನೋಡಿ ಹೇಳುವಷ್ಟು ಒಮ್ಮೆಲೇ. ಮತ್ತೆ, ಎದೆಬಡಿತದ ಮಾತ್ರೆ ಮೂರು ವಾರದಿಂದ ನಿಂತದ್ದು. ಈ ಎರಡು ವಾಕ್ಯ ಯಾವ ಭಾಷೆಯಲ್ಲಿ ಹೇಳಿದರೂ ಸಾಕಿತ್ತು.

ತುರ್ತು ಸರ್ಜನ್‌ಗಳ ಜಾಗತಿಕ ಸಂಘಟನೆಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಮುಟ್ಟಿ ನೋಡಿದಾಗ ಕಂಡದ್ದಕ್ಕಿಂತ ನೋವು ಬಹಳ ಜಾಸ್ತಿ ಇದ್ದರೆ, ಅಲ್ಲ ಅಂತ ಸಾಬೀತಾಗುವವರೆಗೆ ಕರುಳಿಗೆ ರಕ್ತ ನಿಂತಿದೆ ಎಂದೇ ತಿಳಿಯಬೇಕು. ತಡಮಾಡದೆ ಸಿ.ಟಿ. ಆಂಜಿಯೋ ಮಾಡಬೇಕು. ಕ್ರಿಯಾಟಿನಿನ್ ಜಾಸ್ತಿ ಇದ್ದರೂ ಕಾಯಬಾರದು, ಯಾಕೆಂದರೆ ಕಿಡ್ನಿಗೆ ಆಗಬಹುದಾದ ತೊಂದರೆಗಿಂತ ತಡವಾದ ಕರುಳು ದುಬಾರಿ. ಇದನ್ನು ಹಿಡಿದುಕೊಡುವ ಒಂದು ನೆಚ್ಚಿನ ರಕ್ತ ಪರೀಕ್ಷೆ ಇನ್ನೂ ಇಲ್ಲ. ಆಕ್ಸಿಜನ್ ಕಮ್ಮಿಯಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಸರಿ ಇದೆ ಅಂದರೆ ಕರುಳು ಸರಿ ಇದೆ ಅಂತ ಅಲ್ಲ. ಮಾಮೂಲಿ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ಗೆ ಗಾಳಿ ತುಂಬಿದ ಕರುಳಿನ ಹಿಂದೆ ಏನಿದೆ ಅಂತ ಕಾಣುವುದಿಲ್ಲ.

ಅಪರೂಪದ ಕಾಯಿಲೆಗೆ ಇಷ್ಟು ಗಲಾಟೆ ಯಾಕೆ ಅಂತ ಕೇಳಬಹುದು. ಅಪರೂಪವೇ. ಆದರೆ ಫಿನ್ಲೆಂಡಿನಲ್ಲಿ ಲೆಕ್ಕ ಹಾಕಿದಾಗ, 75 ದಾಟಿದವರ ತುರ್ತು ಹೊಟ್ಟೆನೋವಿನಲ್ಲಿ ಅಪೆಂಡಿಸೈಟಿಸ್‌ಗಿಂತ ಇದೇ ಜಾಸ್ತಿ ಸಿಕ್ಕಿತು. ನಮ್ಮ ಮನೆಗಳಲ್ಲಿ ಈಗ ಯಾರಿದ್ದಾರೆ? ಮಕ್ಕಳು ಬೆಂಗಳೂರಿನಲ್ಲಿ, ಗಲ್ಫಿನಲ್ಲಿ. ತೋಟದ ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು. ಹಿಡಿದ ಮೇಲೂ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಮಂದಿ ಸಾಯುತ್ತಾರೆ ಅಂತ ಹಿಂದಿನಿಂದ ಬಂದ ಲೆಕ್ಕ. ಬೇಗ ಹಿಡಿದ ಕಡೆ ಈ ಲೆಕ್ಕ ಇಳಿದಿದೆ.

ಆಸ್ಪತ್ರೆಯಲ್ಲಿ ಮಾಡುವುದು ನೋಡಿದರೆ ಅದರಲ್ಲಿ ಮಾಯದ ಮದ್ದೇನೂ ಇಲ್ಲ. ಡ್ರಿಪ್ ಹಾಕಿ ರಕ್ತದೊತ್ತಡ ಎತ್ತುತ್ತಾರೆ, ಆಕ್ಸಿಜನ್, ಹೆಪ್ಪು ಬೆಳೆಯದಂತೆ ಹೆಪಾರಿನ್, ಒಳಗೆ ಸೋರಿದ ಬ್ಯಾಕ್ಟೀರಿಯಾಕ್ಕೆ ಆ್ಯಂಟಿಬಯಾಟಿಕ್. ಬಿ.ಪಿ. ಏರಿಸುವ ಮದ್ದಿನಲ್ಲಿ ಕರುಳಿನ ನಾಳ ಬಿಗಿಯುವಂಥದ್ದನ್ನು ಆದಷ್ಟು ಕಮ್ಮಿ ಮಾಡುತ್ತಾರೆ. ಹೆಪ್ಪನ್ನು ಹೊಟ್ಟೆ ತೆರೆದು ತೆಗೆಯಬಹುದು, ಕರುಳು ಇನ್ನೂ ಸತ್ತಿರದಿದ್ದರೆ ತೊಡೆಯ ಅಥವಾ ತೋಳಿನ ನಾಳದಿಂದ ತಂತಿ ಹಾಕಿಯೂ ತೆಗೆಯಬಹುದು. ಮೊದಲು ರಕ್ತ ಬಿಡಬೇಕು, ಆಮೇಲೆ ಯಾವ ತುಂಡು ಹೋಯಿತು ಅಂತ ನೋಡಿ ಕತ್ತರಿಸಬೇಕು. ಮಾವನ ಸರ್ಜನ್ ಹೊರಗೆ ಬಂದು ಹೇಳಿದ್ದು ನನಗೆ ಸರಿಯಾಗಿ ನೆನಪಿದೆ. "ಕಪ್ಪಾದದ್ದು ತೆಗೆದಿದ್ದೇವೆ. ನೇರಳೆ ಬಣ್ಣದ್ದು ಬಿಟ್ಟಿದ್ದೇವೆ. ನಾಡಿದ್ದು ಮತ್ತೆ ಹೊಟ್ಟೆ ತೆರೆದು ನೋಡ್ತೇವೆ." ಮತ್ತೆ ತೆರೆಯುವುದು ಅಂದಾಗ ಅತ್ತೆಗೆ ತಲೆ ಸುತ್ತು ಬಂತು. ಆದರೆ ಒಂದೆರಡು ದಿನ ಬಿಟ್ಟು ಎರಡನೇ ಸಲ ನೋಡುವುದು ಈ ಕಾಯಿಲೆಯಲ್ಲಿ ಮಾಮೂಲು. ನೇರಳೆಯಲ್ಲಿ ಅರ್ಧ ಕೆಂಪಿಗೆ ತಿರುಗಿತ್ತು. ಉಳಿದರ್ಧ ಹೋಯಿತು. ಒಟ್ಟು ಒಂದೂವರೆ ಮೀಟರ್.

ಇನ್ನೊಂದು ಮಾತು ಹೇಳಿಯೇ ಮುಂದೆ ಹೋಗಬೇಕು. ನಮ್ಮ ಕಡೆ ಕರುಳು ಕೊಳೆಯಲು ಹೆಚ್ಚು ಕಾಣುವ ದಾರಿ ಹರ್ನಿಯಾ. ಮರ ಹತ್ತುವವರು, ಗೋಣಿ ಹೊರುವವರು, ವರ್ಷಗಟ್ಟಲೆ ತೊಡೆಸಂದಿಯ ಗಂಟನ್ನು ಕೈಯಲ್ಲಿ ಒಳಗೆ ದೂಡಿಕೊಂಡು ಕೆಲಸ ಮಾಡುತ್ತಾರೆ. ಒಂದು ದಿನ ಅದು ಒಳಗೆ ಹೋಗುವುದಿಲ್ಲ. ಕರುಳಿನ ಕುತ್ತಿಗೆ ಹಿಸುಕಿದ ಹಾಗಾಗಿ ರಕ್ತ ನಿಲ್ಲುತ್ತದೆ. ಅಲ್ಲೂ ಅದೇ ಗಡಿಯಾರ. ಬಲವಂತವಾಗಿ ಒತ್ತುವುದು, ಎಣ್ಣೆ ಹಾಕಿ ನೀವುವುದು ಬೇಡ. ಗಂಟು ಗಟ್ಟಿಯಾಗಿ, ನೋವು ಬಂದು, ವಾಂತಿ ಶುರುವಾದರೆ ಸರ್ಜನ್ ಇರುವ ಕಡೆಗೆ ನೇರ ಹೋಗಬೇಕು.

ನಾಡಿ ನೋಡುವುದನ್ನು ನಾನು ಆಮೇಲೆ ಕಲಿತೆ. ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಒಂದು ನಿಮಿಷ. ತಾಳ ಸರಿ ಇದ್ದರೆ ಸರಿ. ಮನಸ್ಸಿಗೆ ಬಂದ ಹಾಗೆ ಹೊಡೆಯುತ್ತಿದ್ದರೆ ಇ.ಸಿ.ಜಿ. ತೆಗೆಸಬೇಕು. ಮನೆಯ ಹಿರಿಯರ ಕೈ ಹಿಡಿದು ಕೂರಲು ಇದೊಂದು ನೆಪವೂ ಆಯಿತು. ಎದೆಬಡಿತದ ತೊಂದರೆ ಇದ್ದವರ ರಕ್ತ ತೆಳು ಮಾಡುವ ಮಾತ್ರೆಯನ್ನು ಯಾರು ಯಾವ ಕಾರಣಕ್ಕೆ ನಿಲ್ಲಿಸಿದರೂ, ಮತ್ತೆ ಶುರು ಮಾಡುವ ದಿನವನ್ನು ಆಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಮಾವ ಈಗ ಊಟಕ್ಕೆ ಕೂತರೆ ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ಸಣ್ಣಕರುಳಿನ ಕೊನೆಯ ಭಾಗ ಹೋದ್ದರಿಂದ ಬಿ12 ಹೀರುವ ಜಾಗವೇ ಇಲ್ಲ. ತಿಂಗಳಿಗೊಮ್ಮೆ ಇಂಜೆಕ್ಷನ್. ಎಣ್ಣೆ ಪದಾರ್ಥ ತಿಂದರೆ ಭೇದಿ. ಮೊನ್ನೆ ಒಂದು ಮದುವೆಯಲ್ಲಿ ಪಕ್ಕದಲ್ಲಿ ಕೂತಿದ್ದರು. ಎಲೆಗೆ ಪೋಡಿ ಬಂತು. ಅತ್ತೆ ಆಚೆ ಸಾಲಿನಿಂದಲೇ ಕಣ್ಣು ಬಿಟ್ಟರು. ಮಾವ ಅದನ್ನು ಮೆಲ್ಲನೆ ನನ್ನ ಎಲೆಗೆ ದಾಟಿಸಿ, "ಗ್ಯಾಸ್ ಆದೀತು ಮಾರಾಯ, ನೀನೇ ತಿನ್ನು" ಅಂದರು.